ಸಹಾಯ ಬೇಕು: ಸವೆದ ಬೇರಿಂಗ್, ಅಳತೆ ತಪ್ಪಿದ ಬುಶ್ ಯಾರಲ್ಲಾದರೂ ಉಂಟಾ?

ನಮಸ್ಕಾರ. ಪೀಣ್ಯದ ಮಷೀನ್ ಶಾಪಿನಲ್ಲಿ 12 ವರ್ಷ ದುಡಿದು ಬದಿಯಡ್ಕಕ್ಕೆ ವಾಪಸು ಬಂದವ ನಾನು. ಈಗ ಡಿಪ್ಲೊಮಾ ಮಕ್ಕಳಿಗೆ ಮೆಕ್ಯಾನಿಕಲ್ ಪಾಠ.

ಡ್ರಾಯಿಂಗಿನಲ್ಲಿ 50 ಎಚ್7 ಅಂತ ಇದ್ದರೆ ತೂತಿನ ವ್ಯಾಸ 50.000ದಿಂದ 50.025 ಮಿ.ಮೀ. ಒಳಗಿರಬೇಕು ಅಂತ ಬೋರ್ಡಿನಲ್ಲಿ ಬರೆದರೆ ಚಂದಕ್ಕೆ ಬರೆದುಕೊಳ್ಳುತ್ತಾರೆ. ಇಂಥ ಸಣ್ಣ ಅಳತೆ ತೆಗೆಯುವ ಮೈಕ್ರೋಮೀಟರ್ ಕೈಗೆ ಕೊಟ್ಟರೆ ರ್ಯಾಚೆಟ್ (ಒತ್ತಡ ಹೆಚ್ಚಾಗದ ಹಾಗೆ ನೋಡಿಕೊಳ್ಳುವ ತುದಿಯ ಗುಂಡಿ) ಬಿಟ್ಟು ಥಿಂಬಲ್ಲನ್ನೇ (ತಿರುಗುವ ಹಿಡಿಯನ್ನೇ) ನಲ್ಲಿ ತಿರುಗಿಸಿದ ಹಾಗೆ ಬಿಗಿಯುತ್ತಾರೆ! ಶುರುವಿನಲ್ಲಿ ನಾನೂ ಹಾಗೇ ಮಾಡಿ ಫೋರ್‌ಮನ್ ಹತ್ತಿರ ಬೈಸಿಕೊಂಡವನೇ.

ಹಾಗಾಗಿ ಮಕ್ಕಳು ನಿಜವಾದ ಭಾಗಗಳನ್ನು ಅಳೆದೇ ಕಲಿಯಲಿ ಅಂತ ಈ ಕೋರಿಕೆ. ಕುಂಬಳೆ, ಮಂಜೇಶ್ವರ, ಕಾಸರಗೋಡು ಕಡೆಯ ಗ್ಯಾರೇಜು, ಲೇತ್ ಶಾಪಿನವರು ಸವೆದ ಬೇರಿಂಗ್, ಬುಶ್ (ಶಾಫ್ಟ್ ಕೂರುವ ಬಳೆಯಂಥ ತುಂಡು), ಹಲ್ಲು ಮುರಿದ ಗಿಯರ್ ಗುಜರಿಗೆ ಹಾಕುವ ಮೊದಲು ನನಗೊಂದು ಮೆಸೇಜ್ ಮಾಡಿ. ಗುಜರಿ ರೇಟ್ ಕೊಡ್ತೇನೆ. ಬರುವುದು ಬೈಕಿನಲ್ಲಿ, ಎಂಜಿನ್ ಬ್ಲಾಕ್ ಮಾತ್ರ ಬೇಡ ಮಾರಾಯ್ರೆ.