ಮೂಲೆಮನೆಗೆ ಪ್ರದಕ್ಷಿಣೆ

ಮೂಲೆಮನೆ ಮಾರಿಹೋಯಿತು, ಅಲ್ಲಿ ಡ್ರೈವ್-ಥ್ರೂ ಹೋಟೆಲು ಬರುತ್ತದಂತೆ ಅನ್ನುವ ಸುದ್ದಿಯನ್ನು ನಮ್ಮ ರಸ್ತೆಗೆ ತಂದವರು ಶಾರದಕ್ಕ. ಆದರೆ ಅವರು ತಂದಿದ್ದು ‘ಡ್ರೈವರ್ ಥ್ರೂ’ ಅಂತ. ಹಾಗಾಗಿ ರಾಯರು ಎರಡು ದಿನ ಅದನ್ನು ಡ್ರೈವರುಗಳ ಮೆಸ್ಸು ಅಂದುಕೊಂಡು, “ಪಾಪ, ಹಗಲೂ ರಾತ್ರಿ ಗಾಡಿ ಓಡಿಸೋರು, ಎರಡು ತುತ್ತು ಬಿಸಿ ಅನ್ನ ತಿನ್ನಲಿ ಬಿಡಿ” ಎಂದು ಕಂಡಕಂಡವರ ಹತ್ತಿರ ಬೆಂಬಲ ಸೂಚಿಸಿಬಿಟ್ಟಿದ್ದರು. ಮೂರನೆಯ ದಿನ ನಿಜ ಗೊತ್ತಾದ ಮೇಲೆ ವಿರೋಧಿಗಳ ಮುಂದಾಳತ್ವವನ್ನು ಅವರೇ ವಹಿಸಿಕೊಂಡರು. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೂತವರಿಗೆ ನಿಲುವು ಬದಲಿಸುವುದೂ ಒಂದು ಎಂಟ್ರಿ ಅಷ್ಟೆ. ಈ ಕಡೆ ಡೆಬಿಟ್, ಆ ಕಡೆ ಕ್ರೆಡಿಟ್.

ಸಭೆ ಸೇರಿದ್ದು ಅಯ್ಯಂಗಾರ್ರ ಬೇಕರಿ ಮುಂದೆ. ನಮ್ಮ ಸಂಘಕ್ಕೆ ಕಚೇರಿ ಅಂತ ಇಲ್ಲ. ಚರಂಡಿ ಮೇಲೆ ಹಾಸಿದ ನಾಲ್ಕು ಚಪ್ಪಡಿ, ಎರಡು ಹಾಲಿನ ಕ್ರೇಟು, ಇಷ್ಟೇ ಆಸ್ತಿ. ಆದರೆ ಸಾಯಂಕಾಲ ಐದೂವರೆಗೆ ಖಾರ ಬನ್ನಿನ ಟ್ರೇ ಹೊರಗೆ ಬರುವಾಗ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಬೆಂದ ವಾಸನೆ ಏಳುತ್ತದಲ್ಲ, ಅದಕ್ಕೆ ಸೇರುವಷ್ಟು ಕೋರಂ ಯಾವ ನೋಟೀಸಿಗೂ ಸೇರುವುದಿಲ್ಲ.

“ಮೊದಲು ಅದೇನು ಅಂತ ಸರಿಯಾಗಿ ಹೇಳೋ ಸೀನ” ಎಂದರು ಮೇಷ್ಟ್ರು. ಸೀನ ಸಾಫ್ಟ್‌ವೇರಿನವನು, ಎರಡು ವರ್ಷ ಅಮೆರಿಕದ ಅರಿಜೋನಾದಲ್ಲಿ ಇದ್ದು ಬಂದವನು. ನಮ್ಮ ಪಾಲಿಗೆ ಅಮೆರಿಕದ ಎಲ್ಲ ತಪ್ಪುಗಳಿಗೂ ಅವನೇ ಜವಾಬ್ದಾರ.

“ಕಾರಿಂದ ಇಳಿಯೋದೇ ಇಲ್ಲ ಸಾರ್. ಒಂದು ಓಣಿ ಇರತ್ತೆ. ಶುರುವಿನಲ್ಲೊಂದು ಬೋರ್ಡು, ಅದರಲ್ಲೊಂದು ಸ್ಪೀಕರು. ಏನು ಬೇಕು ಅಂತ ಅದಕ್ಕೆ ಹೇಳಬೇಕು. ಮುಂದೆ ಹೋದ್ರೆ ಒಂದು ಕಿಟಕಿ, ಅಲ್ಲಿ ದುಡ್ಡು. ಇನ್ನೂ ಮುಂದೆ ಇನ್ನೊಂದು ಕಿಟಕಿ, ಅಲ್ಲಿ ಪಾರ್ಸಲ್ಲು. ಕಟ್ಟಡ ಸುತ್ತಿಕೊಂಡು ಹೊರಗೆ.”

“ಕಿಟಕಿ ಯಾವ ಕಡೆ?”

“ಡ್ರೈವರ್ ಕಡೆ. ನಮ್ಮಲ್ಲಿ ಬಲಗಡೆ.”

ಮೇಷ್ಟ್ರು ಚಪ್ಪಡಿ ಮೇಲೆ ತಮ್ಮ ಖಾರ ಬನ್ ಇಟ್ಟು, ತೋರುಬೆರಳನ್ನೇ ಕಾರು ಮಾಡಿ ಅದರ ಸುತ್ತ ನಿಧಾನವಾಗಿ ಓಡಿಸಿದರು. ಒಂದು ಸುತ್ತು. ಎರಡು ಸುತ್ತು. ಆಮೇಲೆ ಬೆರಳು ನಿಂತಿತು.

“ಕಟ್ಟಡ ಯಾವಾಗಲೂ ಬಲಕ್ಕೇ ಇರಬೇಕು. ಅಂದ್ರೆ ಇದು ಪ್ರದಕ್ಷಿಣೆ!”

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ರಾಯರ ಕೈ ತಾನಾಗೇ ಎದೆಯ ಹತ್ತಿರ ಬಂದು ಜೋಡಿಸಿಕೊಂಡು, ಆಮೇಲೆ ಜ್ಞಾನೋದಯವಾಗಿ ಬಿಟ್ಟುಕೊಂಡಿತು.

“ಮತ್ತೆ ಅಮೆರಿಕದಲ್ಲಿ ಸ್ಟೀರಿಂಗು ಎಡಕ್ಕಲ್ಲವೇನೋ?” ಎಂದರು ಶಾರದಕ್ಕ.

“ಹೌದು ಆಂಟಿ, ಅಲ್ಲಿ ಉಲ್ಟಾ ಸುತ್ತಬೇಕು.”

“ಅಪ್ರದಕ್ಷಿಣೆ! ಅದಕ್ಕೇ ನೋಡು, ತಿಂದಿದ್ದು ಮೈಗೆ ಹತ್ತಿರಲ್ಲ.”

“ಚೆನ್ನಾಗೇ ಹತ್ತತ್ತೆ ಆಂಟಿ” ಎಂದು ಸೀನ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ.

ಇದು ಯಾರ ತಲೆಯಿಂದ ಬಂತು ಅನ್ನುವ ಪ್ರಶ್ನೆ ಎದ್ದಿತು. ಸೀನನ ಹತ್ತಿರ ಉತ್ತರ ಇತ್ತು. 1948ರಲ್ಲೇ ಕ್ಯಾಲಿಫೋರ್ನಿಯಾದ ಬಾಲ್ಡ್‌ವಿನ್ ಪಾರ್ಕಿನಲ್ಲಿ ಇನ್-ಎನ್-ಔಟ್ ಅನ್ನುವವರು ಸ್ಪೀಕರಿಗೆ ಹೇಳಿ ಬರ್ಗರು ತಗೊಳ್ಳುವ ಅಂಗಡಿ ತೆರೆದಿದ್ದರಂತೆ. ಆದರೆ ಅವನಿಗೆ ಇಷ್ಟವಾದ ಕಥೆ ಅರಿಜೋನಾದ್ದು. ಅಲ್ಲಿನ ಸಿಯೆರಾ ವಿಸ್ಟಾ ಅನ್ನುವ ಊರಿನ ಪಕ್ಕ ಸೇನಾ ನೆಲೆ. ಕವಾಯತಿನ ಬಟ್ಟೆ ತೊಟ್ಟ ಸೈನಿಕರು ಊರೊಳಗೆ ಗಾಡಿಯಿಂದ ಇಳಿಯಬಾರದು ಅಂತ ನಿಯಮ. ಇಳಿಯದೆ ತಿನ್ನುವುದು ಹೇಗೆ? ಅಲ್ಲಿನ ಮೆಕ್‌ಡೊನಾಲ್ಡ್ಸ್‌ನವರು 1975ರಲ್ಲಿ ಗೋಡೆ ಒಡೆದು ಒಂದು ಕಿಂಡಿ ಮಾಡಿದರು. ಅವರ ಕಂಪನಿಗೆ ಅದೇ ಮೊದಲ ಡ್ರೈವ್-ಥ್ರೂ.

ಶಾರದಕ್ಕ ಬನ್ನು ಅಗಿಯುವುದನ್ನು ನಿಲ್ಲಿಸಿದರು. “ಹಾಕ್ಕೊಂಡು ಇಳಿಯಬಾರದ ಬಟ್ಟೆ ಅಂದ್ರೆ... ನೈಟಿ ಮೇಲೆ ಟವೆಲ್ ಹೊದ್ಕೊಂಡು ಮೊಮ್ಮಗನ್ನ ಸ್ಕೂಲಿಗೆ ಬಿಡೋಕೆ ಕಾರಲ್ಲಿ ಹೋಗ್ತೀನಲ್ಲ, ಹಾಗಾ?”

“ಹೂಂ, ಹಾಗೇ.”

“ಹಾಗೇ ಹೋಗಿ ಕಾಫಿನೂ ತಗೋಬಹುದು?”

“ಶಾರದಕ್ಕಾ, ನಾವು ವಿರೋಧಿಗಳು” ಎಂದು ರಾಯರು ನೆನಪಿಸಿದರು.

“ಗೊತ್ತು ರಾಯರೇ. ಸುಮ್ನೆ ತಿಳ್ಕೊಳ್ಳೋಣ ಅಂತ ಕೇಳಿದೆ.”

ಮೇಷ್ಟ್ರಿಗೆ ಇದರಲ್ಲಿ ಹೊಸತನವೇ ಕಾಣಲಿಲ್ಲ. “ನಮ್ಮ ಮದುವೆಯಾದ ಹೊಸದರಲ್ಲಿ ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್ ಹೋಟೆಲಿಗೆ ಹೋಗ್ತಿದ್ವಿ. ಮರದ ಕೆಳಗೆ ಕಾರು ನಿಲ್ಲಿಸಿದ್ರೆ ತಟ್ಟೆ ಅಲ್ಲಿಗೇ ಬರ್ತಿತ್ತು. ನಮ್ಮದು ಲ್ಯಾಂಬ್ರೆಟ್ಟಾ, ಅದಕ್ಕೂ ಬರ್ತಿತ್ತು.”

“ಅದು ಡ್ರೈವ್-ಇನ್ ಸಾರ್, ಇದು ಡ್ರೈವ್-ಥ್ರೂ. ಅಲ್ಲಿ ಗಾಡಿ ನಿಂತಿರತ್ತೆ, ಸಪ್ಲೈಯರ್ ಓಡಾಡ್ತಾನೆ. ಇಲ್ಲಿ ಸಪ್ಲೈಯರ್ ನಿಂತಿರ್ತಾನೆ, ಗಾಡಿ ಓಡಾಡತ್ತೆ.”

“ಬೆಂಗಳೂರಲ್ಲಿ ಗಾಡಿ ಓಡಾಡತ್ತೆ ಅಂತ ನಿನಗೆ ಯಾರಯ್ಯಾ ಹೇಳಿದ್ದು?”

ಅಲ್ಲಿಂದ ಮಾತು ಗಂಭೀರವಾಯಿತು. ಮೇಷ್ಟ್ರು ಬೇಕರಿಯ ಬಿಲ್ಲಿನ ಹಿಂದೆ ಲೆಕ್ಕ ಹಾಕಿದರು. ಮೂಲೆಮನೆ ಸೈಟು 60-80. ಮೂರು ಕಡೆ ಓಣಿ ಬಿಟ್ಟರೆ ಹೆಚ್ಚೆಂದರೆ ಒಂಬತ್ತು ಕಾರು ಹಿಡಿಸುತ್ತದೆ. ಹತ್ತನೆಯದು ರಾಯರ ಗೇಟಿನ ಮುಂದೆ. ಇಪ್ಪತ್ತನೆಯದು ಗಣೇಶನ ಗುಡಿ ಮುಂದೆ. ಹೊಸ ಹೋಟೆಲು ತೆರೆದ ಮೊದಲ ಭಾನುವಾರ ಈ ಊರಿನ ಜನ ಹೇಗೆ ಮುಗಿಬೀಳುತ್ತಾರೆ ಅನ್ನುವುದು ಗೊತ್ತಿರುವವರು ಮುಂದಿನ ಲೆಕ್ಕ ತಾವೇ ಹಾಕಿಕೊಳ್ಳಬಹುದು. ಎಲ್ಲರ ಎಂಜಿನ್ನೂ ಗುರ್ ಅನ್ನುತ್ತಲೇ ಇರುತ್ತದೆ, ಯಾಕೆಂದರೆ ಎರಡು ನಿಮಿಷಕ್ಕೊಮ್ಮೆ ಒಂದು ಕಾರಿನಷ್ಟು ಮುಂದೆ ಜರುಗಬೇಕಲ್ಲ.

“ಅಮೆರಿಕದವರಿಗೇ ಸಾಕಾಗಿದೆ” ಎಂದರು ಮೇಷ್ಟ್ರು, ಫೋನು ನೋಡುತ್ತಾ. “ಮಿನಿಯಾಪೊಲಿಸ್ ನಗರದವರು 2019ರಲ್ಲಿ ಹೊಸ ಡ್ರೈವ್-ಥ್ರೂಗೆ ಅನುಮತಿಯೇ ಇಲ್ಲ ಅಂದುಬಿಟ್ಟರಂತೆ. ನಡೆದಾಡೋರಿಗೆ ಅಪಾಯ, ಹೊಗೆ, ಗಲಾಟೆ.”

“ಹೊಸದು ಮಾತ್ರ ಇಲ್ಲ ಸಾರ್. ಹಳೇವು ಹಾಗೇ ನಡೀತಿವೆ.”

“ಅಂದ್ರೆ ಅಲ್ಲೂ ಅಕ್ರಮ-ಸಕ್ರಮ” ಎಂದು ರಾಯರು ತೀರ್ಪು ಕೊಟ್ಟರು.

ಈಗ ನನ್ನ ಸರದಿ. ಮಗಳು ಮೆಲ್ಬರ್ನಿನಲ್ಲಿದ್ದಾಳೆ ಅನ್ನುವುದನ್ನು ಹೇಳಲು ನನಗೂ ಒಂದು ನೆಪ ಬೇಕಿತ್ತು. ಅಲ್ಲಿ ಪಫಿಂಗ್ ಬಿಲ್ಲಿ ಅನ್ನುವ ಹಳೇ ಉಗಿರೈಲು ಹತ್ತಲು ಬೆಲ್‌ಗ್ರೇವಿಗೆ ಹೋಗಬೇಕು. ಅದಕ್ಕಿಂತ ಒಂದು ಸ್ಟೇಷನ್ ಹಿಂದೆ ಟೆಕೋಮಾ. ಬೆಟ್ಟದ ಬುಡದ ಪುಟ್ಟ ಊರು. ಅಲ್ಲಿ ಶಾಲೆಯ ಎದುರಿಗೇ ಡ್ರೈವ್-ಥ್ರೂ ಮೆಕ್‌ಡೊನಾಲ್ಡ್ಸ್ ಬರುತ್ತದೆ ಅಂದಾಗ ಸಾವಿರಕ್ಕೂ ಹೆಚ್ಚು ಆಕ್ಷೇಪಣೆ ಬಿದ್ದವು. ಸ್ಥಳೀಯ ಕೌನ್ಸಿಲ್ 2011ರಲ್ಲಿ ಆಗಲ್ಲ ಅಂದಿತು. ಕಂಪನಿಯವರು ರಾಜ್ಯದ ನ್ಯಾಯಮಂಡಳಿಗೆ ಹೋದರು, ಅದು 2012ರಲ್ಲಿ ಆಗತ್ತೆ ಅಂದಿತು. ಜನ ಬಿಡಲಿಲ್ಲ. ಹಳೇ ಕಟ್ಟಡದ ಮಾಡು ಹತ್ತಿ ಕೂತರು. ಎಂಟು ಮಂದಿಯ ಮೇಲೆ ಕಂಪನಿ ಕೇಸು ಹಾಕಿ, ಆಮೇಲೆ ವಾಪಸು ತಗೊಂಡಿತು. ಸುಮಾರು 97 ಸಾವಿರ ಸಹಿ ಹೊತ್ತುಕೊಂಡು ಷಿಕಾಗೋ ಹತ್ತಿರದ ಮುಖ್ಯ ಕಚೇರಿಗೇ ಹೋದರು. ಅವರ ಹೋರಾಟದ ಗುರುತು ಏನು ಗೊತ್ತೇ? ತೋಟದ ಕುಳ್ಳಬೊಂಬೆ. ಬಿಳಿ ಗಡ್ಡ, ಚೂಪು ಟೋಪಿ, ಅಂಗಳದ ಹುಲ್ಲಿನಲ್ಲಿ ಇಟ್ಟಿರುತ್ತಾರಲ್ಲ, ಅದು.

“ಬೊಂಬೆ!” ಶಾರದಕ್ಕನ ಕಣ್ಣು ಅರಳಿತು. “ನಾವೂ ಮೂಲೆಮನೆ ಗೇಟಿಗೆ ಒಂದು ದೊಡ್ಡ ದೃಷ್ಟಿಬೊಂಬೆ ಕಟ್ಟಿಬಿಡೋಣ. ನಾಲಿಗೆ ಚಾಚಿಕೊಂಡಿರೋದು.”

“ಕಟ್ಟಿದ್ರೆ ಅವರಿಗೇ ಒಳ್ಳೇದಲ್ಲವೇ? ನಮ್ಮ ಕಣ್ಣು ತಾಗಲ್ಲ” ಎಂದರು ರಾಯರು.

“ಅದಿರಲಿ, ಕೊನೆಗೆ ಏನಾಯ್ತು?” ಎಂದು ಸೀನ ಕೇಳಿದ.

“2014ರಲ್ಲಿ ತೆರೀತು.”

“ನೀವು ಹೋದಾಗ?”

“ನಡೀತಿತ್ತು.”

“ಒಳಗೆ ಹೋದ್ರಾ ಅಂಕಲ್?”

“ಮೊಮ್ಮಗಳಿಗೆ ಬಾತ್‌ರೂಮಿಗೆ ಅರ್ಜೆಂಟಾಗಿತ್ತು” ಎಂದೆ. ಕಾಫಿಯ ವಿಷಯ ಹೇಳಲಿಲ್ಲ.

ಬರೀ ತತ್ವಕ್ಕಾಗಿ ಯಾರೂ ಹೋರಾಡುವುದಿಲ್ಲ ಅನ್ನುವುದು ನನ್ನ ಅನುಭವ. ಆ ಮೂಲೆಮನೆಯನ್ನು ನೀವು ನೋಡಿದ್ದರೆ ಇದು ಗೊತ್ತಾಗುತ್ತಿತ್ತು. ಮಂಗಳೂರು ಹೆಂಚು, ಕೆಂಪು ರೆಡ್‌ಆಕ್ಸೈಡಿನ ಜಗಲಿ, ಕಾಂಪೌಂಡಿನಿಂದಾಚೆ ಅರ್ಧ ರಸ್ತೆಯವರೆಗೆ ಚಾಚಿದ ಸಂಪಿಗೆ ಮರ, ಅದರ ಕೆಳಗೆ ಪಾರಿಜಾತ. ಮಕ್ಕಳೆಲ್ಲ ಹೊರದೇಶದಲ್ಲಿ, ಯಜಮಾನರು ಹೋದಮೇಲೆ ನಾಲ್ಕು ವರ್ಷದಿಂದ ಬೀಗ. ಬೆಳಗಿನ ಐದಕ್ಕೆ ರಾಯರು ವಾಕಿಂಗ್ ಅಂತ ಹೊರಡುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಹೆಗಲಿಗೆ ಕೊಕ್ಕೆಕೋಲು. ವಾಕಿಂಗಿಗೆ ಕೊಕ್ಕೆಕೋಲು ಯಾಕೆ ಅಂತ ಯಾರೂ ಕೇಳಿಲ್ಲ, ಯಾಕೆಂದರೆ ಅವರ ಹಿಂದೆಯೇ ಶಾರದಕ್ಕ ಬುಟ್ಟಿ ಹಿಡಿದಿರುತ್ತಾರೆ. ಆ ಮರದ ನೆರಳಿನಲ್ಲೇ ಮೇಷ್ಟ್ರ ಕಾರು ಹೊದಿಕೆ ಹೊದ್ದು ವರ್ಷಗಳಿಂದ ಯೋಗನಿದ್ರೆಯಲ್ಲಿದೆ. ನನ್ನದೇನು? ನನ್ನ ಮಲಗುವ ಕೋಣೆಯ ಕಿಟಕಿ ಸರಿಯಾಗಿ ಆ ಓಣಿಯ ಬಾಯಿಗೆ ಎದುರು. ಹೊರಬರುವ ಪ್ರತಿ ಕಾರಿನ ಹೆಡ್‌ಲೈಟೂ ನನ್ನ ದಿಂಬಿಗೆ ಮಂಗಳಾರತಿ ಎತ್ತಿಯೇ ಹೋಗಬೇಕು.

ಅರ್ಜಿ ಬರೆಯೋಣ ಅಂತ ತೀರ್ಮಾನವಾಯಿತು. ರಾಯರು ಪೆನ್ನಿನ ಕ್ಯಾಪು ತೆಗೆದು ‘ಮಾನ್ಯ ಆಯುಕ್ತರು, ಬಿಬಿಎಂಪಿ’ ಎಂದು ಬರೆಯುವುದರೊಳಗೆ ಸೀನ ತಡೆದ.

“ಬಿಬಿಎಂಪಿ ಎಲ್ಲಿದೆ ಅಂಕಲ್? ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ. 2025ರಲ್ಲೇ ಐದು ಪಾಲಿಕೆ ಆಯ್ತಲ್ಲ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ.”

“ನಾವು ಯಾವುದು?”

ಉತ್ತರ ಯಾರಿಗೂ ಗೊತ್ತಿರಲಿಲ್ಲ. ರಾಯರು ತಲೆಯೆತ್ತಿ ಸೂರ್ಯ ಮುಳುಗುವ ದಿಕ್ಕು ನೋಡಿ, ಎಡಗೈ ಬಲಗೈ ಚಾಚಿ ಲೆಕ್ಕ ಹಾಕಿದರು. ಕೊನೆಗೆ ‘ಸಂಬಂಧಪಟ್ಟ ಮಾನ್ಯರಿಗೆ’ ಎಂದು ಬರೆದರು.

ಮೊದಲ ಅಂಶ ಶಬ್ದ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45, 2000ದ ನಿಯಮ. ಮೇಷ್ಟ್ರು ಫೋನಿನಲ್ಲಿ ಅಳೆಯುವ ಆ್ಯಪ್ ಹಾಕಿಕೊಂಡಿದ್ದರು. ಬೇಕರಿ ಮುಂದೆ ಆಗಲೇ 68. ಶಾರದಕ್ಕ “ಎಷ್ಟು?” ಅಂತ ಕೇಳಿದಾಗ 81.

ಎರಡನೆಯದು ನಮ್ಮ ಬ್ರಹ್ಮಾಸ್ತ್ರ: ರಸ್ತೆಯ ಅಗಲ. ನಲವತ್ತು ಅಡಿಗಿಂತ ಕಿರಿದಾದ ವಸತಿ ರಸ್ತೆಯಲ್ಲಿ ವ್ಯಾಪಾರ ಕೂಡದು ಅಂತ ಈ ಊರಿನ ಎಷ್ಟೋ ಬಡಾವಣೆಯವರು ಬಡಿದಾಡಿದ್ದಾರೆ. ಇಂದಿರಾನಗರದವರು ಪಬ್ಬುಗಳ ಗಲಾಟೆ ತಡೆಯಲಾರದೆ ಹೈಕೋರ್ಟಿನವರೆಗೂ ಹೋದರು. ನಮ್ಮದು ಎಷ್ಟಡಿ? ಮೇಷ್ಟ್ರು ಮನೆಗೆ ಹೋಗಿ ಟೇಪು ತಂದರು. ಒಂದು ತುದಿ ಸೀನನ ಕೈಗೆ, ಇನ್ನೊಂದು ನನ್ನ ಕೈಗೆ.

ಕಾಂಪೌಂಡಿನಿಂದ ಕಾಂಪೌಂಡಿಗೆ ಹಿಡಿದರೆ ನಲವತ್ತೊಂದು.

“ಹಾಗಲ್ಲ, ಗಾಡಿ ಓಡೋ ಜಾಗ ಅಳೀರಿ” ಎಂದರು ರಾಯರು. ಈ ಕಡೆ ಮೇಷ್ಟ್ರು ತಂತಿಬೇಲಿ ಹಾಕಿ ಬೆಳೆಸಿದ ಕರಿಬೇವು, ದಾಸವಾಳ ಬಿಟ್ಟು, ಆ ಕಡೆ ರಾಯರ ಗೇಟಿನಿಂದ ಇಳಿಯುವ ಕಾಂಕ್ರೀಟು ರ‍್ಯಾಂಪು ಬಿಟ್ಟು ಹಿಡಿದೆವು. ಇಪ್ಪತ್ತೊಂಬತ್ತು.

“ಗೆದ್ವಿ!” ಎಂದರು ಶಾರದಕ್ಕ.

ರಾಯರು ಮಾತ್ರ ಟೇಪನ್ನೇ ನೋಡುತ್ತಾ ನಿಂತಿದ್ದರು. “ಇರೋ ನಲವತ್ತೊಂದು ಇಪ್ಪತ್ತೊಂಬತ್ತು ಹೇಗಾಯ್ತು ಅಂತ ಅವರು ಕೇಳಲ್ವಾ?”

ಮೇಷ್ಟ್ರು ತಮ್ಮ ಕರಿಬೇವಿನ ಕಡೆ ತಿರುಗಿದರು.

“ನಲವತ್ತೊಂದು ಅಂದ್ರೆ ಹೋಟೆಲು ಬರತ್ತೆ” ಎಂದರು ರಾಯರು. “ಇಪ್ಪತ್ತೊಂಬತ್ತು ಅಂದ್ರೆ ಜೆಸಿಬಿ ಬರತ್ತೆ.”

ಟೇಪು ಟಕ್ ಅಂತ ಒಳಗೆ ಸುತ್ತಿಕೊಂಡಿತು. ಎರಡನೆಯ ಅಂಶವನ್ನು ರಾಯರು ಹೊಡೆದುಹಾಕಿ, ಕೆಳಗೆ ಕಾಣದ ಹಾಗೆ ಮತ್ತೆ ಮೂರು ಸಲ ಗೀಚಿದರು.

ಮೂರನೆಯದನ್ನು ಗಟ್ಟಿಯಾಗಿ ಓದುತ್ತಾ ಬರೆದರು: “ವಾಹನದವರು ಕೆಳಗಿಳಿಯದೆ, ಎಂಜಿನ್ ಆರಿಸದೆ, ರಸ್ತೆಯಲ್ಲೇ ನಿಂತು ತಿಂಡಿ ಕೊಳ್ಳುವುದರಿಂದ ನಿವಾಸಿಗಳಿಗೆ ತೀವ್ರ ತೊಂದರೆ...”

ಅಷ್ಟರಲ್ಲಿ ಬಿಳಿ ಕಾರೊಂದು ನಡುರಸ್ತೆಯಲ್ಲಿ ನಿಂತು ಎರಡು ಸಲ ಹಾರನ್ ಹೊಡೆಯಿತು. ಗಾಜು ಇಳಿಯಿತು. “ಅಣ್ಣಾ, ನಾಲ್ಕು ಖಾರ ಬನ್, ಎರಡು ದಿಲ್‌ಪಸಂದ್!” ಅಯ್ಯಂಗಾರ್ರು ಪೊಟ್ಟಣ ಕಟ್ಟಿ, ಕ್ಯೂಆರ್ ಬೋರ್ಡನ್ನೂ ಕಂಕುಳಲ್ಲಿ ಇರುಕಿಕೊಂಡು, ನಮ್ಮನ್ನು ದಾಟಿ ಓಡಿದರು. ಹಿಂದೆ ಎರಡು ಆಟೋ, ಮೂರು ಸ್ಕೂಟರು, ಒಂದು ಶಾಲೆಯ ವ್ಯಾನು ಸೇರಿ ಬೊಬ್ಬೆ ಹೊಡೆಯುತ್ತಿದ್ದವು. ಅಂಗಡಿಯೊಳಗಿನ ಪುಟ್ಟ ಸ್ಪೀಕರು ಬಂದ ಮೊತ್ತವನ್ನು ಇಡೀ ರಸ್ತೆಗೆ ಘೋಷಿಸಿತು. ಮೇಷ್ಟ್ರು ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

ವಾಪಸು ಬಂದ ಅಯ್ಯಂಗಾರ್ರು ಉಸಿರು ಬಿಡುತ್ತಾ, “ಬರೀರಿ ರಾಯರೇ, ಬರೀರಿ. ಅವರು ಬಂದ್ರೆ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ. ಎಲ್ಲಿವರೆಗೆ ಬಂತು?” ಎಂದರು.

ರಾಯರು ಪೆನ್ನು ಹಿಡಿದೇ ಇದ್ದರು, ಬರೆಯಲಿಲ್ಲ. ಸೀನನೇ ಬಗ್ಗಿ ನೋಡಿ ದಾರಿ ತೋರಿಸಿದ.

“ಅಂಕಲ್, ‘ಕಟ್ಟಡವನ್ನು ಸುತ್ತುತ್ತಾ’ ಅಂತ ಒಂದು ಮಾತು ಸೇರಿಸಿ. ಪ್ರದಕ್ಷಿಣೆ ಇದ್ರೆ ಮಾತ್ರ ನಮ್ಮ ಆಕ್ಷೇಪಣೆ. ಅಯ್ಯಂಗಾರ್ರದು ನೇರ ದರ್ಶನ.”

ರಾಯರು ಸೇರಿಸಿದರು. ಶಾರದಕ್ಕ ಮೊದಲ ಸಹಿ ಹಾಕಿ, ಮನೆಗೆ ಇನ್ನೆರಡು ಬನ್ನು ಕಟ್ಟಿಸಿಕೊಂಡರು.