ಅಪ್‌ಡೇಟ್: ಮರಳಿನ ಮೇಲಿನ ಕಂದು ಲೋಳೆ ಹೋಯ್ತು, ಅದು ಡಯಾಟಮ್ ಆಗಿರಲಿಲ್ಲ

120 ಲೀಟರ್ ಉಪ್ಪುನೀರಿನ ಟ್ಯಾಂಕ್‌ನಲ್ಲಿ ಗುಳ್ಳೆ ಹಿಡಿದ ಕಂದು ಎಳೆಗಳು, ಬಸವನಹುಳುಗಳು ಸಾಯ್ತಿವೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಡಯಾಟಮ್ (ಸಿಲಿಕೇಟ್ ಬಳಸಿ ಬೆಳೆಯುವ ಕಂದು ಸೂಕ್ಷ್ಮ ಪಾಚಿ) ಅಂದುಕೊಂಡು ಬೆಂಗಳೂರಿನ ಬೋರ್‌ವೆಲ್ ನೀರಿನ ಸಿಲಿಕೇಟ್ ಮೇಲೆ ಅನುಮಾನ ಇತ್ತು. ಆರ್‌ಓ-ಡಿಐ (ಶುದ್ಧೀಕರಿಸಿದ) ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) 0 ಇತ್ತು, ಆದರೆ ಅಷ್ಟರಿಂದಲೇ ಸಿಲಿಕೇಟ್ ಇಲ್ಲ ಅಂತ ಹೇಳೋಕಾಗಲ್ಲ.

ಮೊದಲು ಫಿಲ್ಟರ್ ಪರೀಕ್ಷೆ ಮಾಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಲೋಳೆಯನ್ನು ಟ್ಯಾಂಕ್ ನೀರಲ್ಲಿ ಜೋರಾಗಿ ಕುಲುಕಿ, ಪೇಪರ್ ಕಾಫಿ ಫಿಲ್ಟರ್‌ನಲ್ಲಿ ಸೋಸಬೇಕು (ನಮ್ಮ ಮನೆಗಳ ಸ್ಟೀಲ್ ಫಿಲ್ಟರ್ ಆಗಲ್ಲ). ಸೋಸಿದ ತಿಳಿನೀರನ್ನು ಬೆಳಕಲ್ಲಿಟ್ಟರೆ ಒಂದು ಗಂಟೆಯೊಳಗೆ ಮತ್ತೆ ಎಳೆ ಕಟ್ಟಿತು: ಡೈನೋಫ್ಲಾಜೆಲೇಟ್ (ಡೈನೋ, ಏಕಕೋಶದ ಸೂಕ್ಷ್ಮಜೀವಿ). 400 ಪಟ್ಟು ಮೈಕ್ರೋಸ್ಕೋಪ್‌ನಲ್ಲಿ ಹನಿಯಾಕಾರದ ಕಣಗಳು ಒಂದೇ ಕಡೆ ಗಿರಗಿರ ತಿರುಗ್ತಿದ್ದವು, ಅಂದರೆ ಆಸ್ಟ್ರಿಯಾಪ್ಸಿಸ್ ಅನ್ನೋ ವಿಷಕಾರಿ ಡೈನೋ.

ನೀರು ಬದಲಿಸಿದ್ದು ಕೆಲಸಕ್ಕೆ ಬರಲಿಲ್ಲ, ಇನ್ನೂ ಹೆಚ್ಚಾಯ್ತು. ಮೂರು ದಿನ ಕತ್ತಲೆ ಮಾಡಿದ್ದಕ್ಕೆ ಹೋಗಿ, ವಾರದಲ್ಲಿ ವಾಪಸ್ ಬಂತು.

ಗೆದ್ದಿದ್ದು ಎರಡು ಸಲಹೆ ಸೇರಿ: ನೀರಿನ ಪೋಷಕಾಂಶ ಏರಿಸೋದು, ಯುವಿ ದೀಪ ಹಾಕೋದು. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಇದ್ದವು, ಹಾಗಾಗಿ ಡೈನೋಗೆ ಪೈಪೋಟಿ ಕೊಡುವ ಪಾಚಿ ಬೆಳೀತಿರಲಿಲ್ಲ. ಫಾಸ್ಫೇಟ್ ಹೀರುವ ಜಿಎಫ್‌ಓ (ಕಬ್ಬಿಣದ ಆಕ್ಸೈಡ್ ಕಾಳು) ತೆಗೆದೆ. 1 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ 120 ಲೀಟರ್‌ಗೆ ಸುಮಾರು 5 ಪಿಪಿಎಂ (ಲೀಟರ್‌ಗೆ ಮಿಲಿಗ್ರಾಂ) ನೈಟ್ರೇಟ್ ಕೊಡುತ್ತೆ. ಫಾಸ್ಫೇಟ್ 0.1 ಪಿಪಿಎಂಗೆ ಏರಿಸಿದರೂ ಸಂಜೆಗೆ ಮತ್ತೆ ಸೊನ್ನೆ, ಕಲ್ಲು ಮತ್ತು ಮರಳೇ ಹೀರಿಕೊಳ್ಳುತ್ತೆ! ದಿನಾ ಅಳೆದೇ ಹಾಕಿ. ಜೊತೆಗೆ ನೀರನ್ನು ಹಾಯಿಸಿ ಸೂಕ್ಷ್ಮಜೀವಿ ಕೊಲ್ಲುವ 11 ವ್ಯಾಟ್ ಯುವಿ ದೀಪ, ಸಂಪ್‌ನಿಂದಲ್ಲ (ಟ್ಯಾಂಕ್‌ಗೆ ಜೋಡಿಸಿದ ಫಿಲ್ಟರ್ ತೊಟ್ಟಿ), ನೇರ ಟ್ಯಾಂಕ್‌ನಿಂದಲೇ ನೀರೆಳೆಯುವಂತೆ. ಈ ಜಾತಿ ರಾತ್ರಿ ನೀರಿಗೆ ತೇಲಿ ಬರುತ್ತೆ, ಅದಕ್ಕೇ ಯುವಿಗೆ ಸಿಕ್ಕಿದ್ದು. ಮರಳಲ್ಲೇ ಉಳಿಯುವ ಇನ್ನೊಂದು ಡೈನೋ, ಆಂಫಿಡಿನಿಯಂ ಆಗಿದ್ದರೆ ಯುವಿ ದುಡ್ಡು ದಂಡ. ಡೈನೋ ಬಿಟ್ಟ ವಿಷ ಹೀರಲು ಆಕ್ಟಿವೇಟೆಡ್ ಕಾರ್ಬನ್ ಇನ್ನೂ ಓಡ್ತಿದೆ.

ಈಗ ಗಾಜಿನ ಮೇಲೆ ತೆಳು ಹಸಿರು ಪಾಚಿ ಬಂದಿದೆ. ಅದನ್ನು ಉಜ್ಜದೆ ಬಿಟ್ಟಿದ್ದೀನಿ, ಡೈನೋಗೆ ಅದೇ ಪೈಪೋಟಿ.