ಐಐಎಸ್ ವರ್ಚುವಲ್ ಡೈರೆಕ್ಟರಿಗೆ ನೆಟ್‌ವರ್ಕ್ ಶೇರ್: ಎವ್ರಿವನ್ ಕೊಡದೆ ಆಗುತ್ತದಾ?

ಗೋದಾಮು_ಐಟಿ:
ಮಡಿಕೇರಿ ಕಚೇರಿಯಲ್ಲಿ ಐಐಎಸ್ 10 (ವಿಂಡೋಸ್‌ನ ವೆಬ್ ಸರ್ವರ್), ಕುಶಾಲನಗರದ ಕಾಫಿ ಗೋದಾಮಿನಲ್ಲಿ ಇನ್ನೊಂದು ವಿಂಡೋಸ್ ಸರ್ವರ್. ನಡುವೆ ವಿಪಿಎನ್. ಡೊಮೇನ್ ಇಲ್ಲ, ಬರೀ ವರ್ಕ್‌ಗ್ರೂಪ್ (ಪ್ರತಿ ಸರ್ವರ್‌ಗೂ ಅದರದೇ ಖಾತೆಗಳು). ತೂಕದ ಚೀಟಿ, ಔಟ್‌ಟರ್ನ್ (ಕಾಫಿಯಿಂದ ಸಿಕ್ಕ ಬೇಳೆಯ ಪ್ರಮಾಣ) ವರದಿಗಳ ಪಿಡಿಎಫ್ ಗೋದಾಮಿನ ಶೇರ್‌ನಲ್ಲಿವೆ, ಬೆಳೆಗಾರರಿಗೆ ವೆಬ್‌ನಲ್ಲಿ ಕಾಣಬೇಕು. ಝಡ್ ಡ್ರೈವ್ ಮ್ಯಾಪ್ ಮಾಡಿ ವರ್ಚುವಲ್ ಡೈರೆಕ್ಟರಿಗೆ (ಬೇರೆಡೆಯ ಫೋಲ್ಡರನ್ನು ಸೈಟ್‌ನ ಭಾಗವಾಗಿ ತೋರಿಸುವ ವ್ಯವಸ್ಥೆ) ಆ ಪಾತ್ ಕೊಟ್ಟರೆ 500.19 ಎರರ್. ಎವ್ರಿವನ್‌ಗೆ (ಎಲ್ಲ ಬಳಕೆದಾರರ ಗುಂಪು) ಫುಲ್ ಕಂಟ್ರೋಲ್ ಕೊಟ್ಟರೂ ಅದೇ. ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಸಲೀಸಾಗಿ ತೆರೆಯುತ್ತದೆ.

ಬೆಟ್ಟದ_ಸರ್ವರ್:
ಎವ್ರಿವನ್ ಈಗಲೇ ತೆಗೆಯಿರಿ ಸರ್, ಅದರಿಂದ ಏನೂ ಸರಿಹೋಗುವುದಿಲ್ಲ. ಡ್ರೈವ್ ಅಕ್ಷರ ಲಾಗಿನ್ ಆದವರ ಸೆಷನ್‌ಗಷ್ಟೇ ಸೇರಿದ್ದು. ಐಐಎಸ್ ಪಾಲಿಗೆ ಝಡ್ ಇಲ್ಲವೇ ಇಲ್ಲ. ಪಾತ್ \\ಗೋದಾಮು\ಚೀಟಿ ರೂಪದಲ್ಲಿರಲಿ.

ಎರಡೂ ಸರ್ವರ್‌ಗಳಲ್ಲಿ ಒಂದೇ ಹೆಸರು, ಒಂದೇ ಪಾಸ್‌ವರ್ಡ್‌ನ ಲೋಕಲ್ ಖಾತೆ ಮಾಡಿ. ಅಡ್ಮಿನ್ ಗುಂಪಿಗೆ ಸೇರಿಸಬೇಡಿ. ಗೋದಾಮಿನ ಕಡೆ ಶೇರ್ ಪರ್ಮಿಷನ್‌ನಲ್ಲೂ ಎನ್‌ಟಿಎಫ್‌ಎಸ್‌ನಲ್ಲೂ (ಡಿಸ್ಕ್‌ನಲ್ಲಿ ಫೋಲ್ಡರ್‌ಗಿರುವ ಪರ್ಮಿಷನ್) ಅದಕ್ಕೆ ರೀಡ್ ಮಾತ್ರ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಆಮೇಲೆ ವರ್ಚುವಲ್ ಡೈರೆಕ್ಟರಿಯ ಕನೆಕ್ಟ್ ಆ್ಯಸ್‌ನಲ್ಲಿ ಸ್ಪೆಸಿಫಿಕ್ ಯೂಸರ್ ಆರಿಸಿ ಈ ಖಾತೆ ಕೊಡಿ. ಪಾಸ್‌-ಥ್ರೂ (ಪ್ರತ್ಯೇಕ ಖಾತೆ ಕೊಡದ ಆಯ್ಕೆ) ಹಾಗೇ ಇಟ್ಟರೆ ವರ್ಕ್‌ಗ್ರೂಪ್‌ನಲ್ಲಿ ಗೋದಾಮಿನ ಸರ್ವರ್‌ಗೆ ಬಂದವರು ಯಾರೆಂದೇ ಗೊತ್ತಾಗುವುದಿಲ್ಲ.

ಕಾವೇರಿ_ಅಡ್ಮಿನ್:
ಮೇಲಿನದು ಸರಿ, ಆದರೆ ಅರ್ಧ ಕೆಲಸ. ವೆಬ್ ಖಾತೆಗೆ ರೀಡ್ ಮಾತ್ರ ಇದ್ದರೂ ಗೋದಾಮಿನ ಸಿಬ್ಬಂದಿಗೆ ಆ ಫೋಲ್ಡರ್‌ನಲ್ಲಿ ಬರೆಯುವ ಹಕ್ಕು ಇದ್ದೇ ಇರುತ್ತದೆ. ಅಲ್ಲಿಂದ ಯಾರಾದರೂ, ಇಲ್ಲವೇ ವೈರಸ್ ಹೊಕ್ಕ ಪಿಸಿಯೊಂದು, ಒಂದು ಎಎಸ್‌ಪಿಎಕ್ಸ್ ಫೈಲ್ (ವೆಬ್ ಸರ್ವರ್ ಓಡಿಸುವ ಸ್ಕ್ರಿಪ್ಟ್) ಹಾಕಿದರೆ ಅದು ಓಡುವುದು ಮಡಿಕೇರಿಯ ಸರ್ವರ್‌ನಲ್ಲಿ! ಪಿಡಿಎಫ್ ಕೊಡಲು ಸ್ಕ್ರಿಪ್ಟ್ ಯಾಕೆ ಬೇಕು? ಹ್ಯಾಂಡ್ಲರ್ಸ್‌ನ (ಯಾವ ಫೈಲನ್ನು ಹೇಗೆ ನಿರ್ವಹಿಸಬೇಕೆಂಬ ಸೆಟ್ಟಿಂಗ್) ಆ್ಯಕ್ಸೆಸ್‌ಪಾಲಿಸಿ ರೀಡ್ ಮಾತ್ರ ಮಾಡಿ.

ಅದನ್ನು ಐಐಎಸ್ ಮ್ಯಾನೇಜರ್‌ನಲ್ಲಿ ಮಾಡಿದರೆ ಸಾಮಾನ್ಯವಾಗಿ ಶೇರ್‌ನೊಳಗಿನ ವೆಬ್.ಕಾನ್ಫಿಗ್‌ಗೇ (ಆ ಫೋಲ್ಡರ್‌ನ ಸೆಟ್ಟಿಂಗ್ ಫೈಲ್) ಬರೆಯಲು ಹೋಗುತ್ತದೆ. ಅಂದರೆ ಬೀಗದ ಕೈ ಬಾಗಿಲಲ್ಲೇ ನೇತುಹಾಕಿದ ಹಾಗೆ. ಅದರ ಬದಲು ಐಐಎಸ್‌ನ ಮುಖ್ಯ ಸೆಟ್ಟಿಂಗ್ ಫೈಲ್ ಆದ ಅಪ್ಲಿಕೇಶನ್‌ಹೋಸ್ಟ್.ಕಾನ್ಫಿಗ್‌ನಲ್ಲಿ ಲೊಕೇಶನ್ ಟ್ಯಾಗ್ ಹಾಕಿ, ಓವರ್‌ರೈಡ್‌ಮೋಡ್ ಡಿನೈ ಕೊಡಿ, ಆಗ ಶೇರ್‌ನ ವೆಬ್.ಕಾನ್ಫಿಗ್ ಇದನ್ನು ಬದಲಿಸಲಾಗದು. ಅಲೌಸಬ್‌ಡೈರ್‌ಕಾನ್ಫಿಗ್ ಫಾಲ್ಸ್ ಮಾಡಿದರೆ ಉಪಫೋಲ್ಡರ್‌ಗಳ ವೆಬ್.ಕಾನ್ಫಿಗ್ ಓದುವುದೂ ನಿಲ್ಲುತ್ತದೆ. ಡೈರೆಕ್ಟರಿ ಬ್ರೌಸಿಂಗ್ ಆಫ್ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಒಬ್ಬರ ಚೀಟಿ ಇನ್ನೊಬ್ಬರಿಗೆ ಪಟ್ಟಿಯಾಗಿ ಸಿಗುತ್ತದೆ.

ಗೋದಾಮು_ಐಟಿ:
ತೆರೆಯುತ್ತಿದೆ, ಧನ್ಯವಾದ. ಮಳೆಗಾಲದಲ್ಲಿ ಗೋದಾಮಿನ ಕರೆಂಟ್ ಹೋಗುತ್ತಲೇ ಇರುತ್ತದೆ. ಪರ್ಮಿಷನ್ ತೊಂದರೆಯೋ ಲೈನ್ ತೊಂದರೆಯೋ ಹೇಗೆ ತಿಳಿಯುವುದು?

ಬೆಟ್ಟದ_ಸರ್ವರ್:
ಐಐಎಸ್ ಲಾಗ್‌ನ ವಿನ್32 ಸ್ಟೇಟಸ್ ಕಾಲಂ ನೋಡಿ. 53 ಎಂದರೆ ಗೋದಾಮಿನ ಸರ್ವರ್ ಸಿಗುತ್ತಿಲ್ಲ. 1326 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಮರೆತಾಗ ಇದೇ ಬರುತ್ತದೆ. 5 ಬಂದರೆ ಲಾಗಿನ್ ಆಗಿದೆ, ಪರ್ಮಿಷನ್ ಇಲ್ಲ. ಹಾಗೇ, ಫೈಲ್ ಶೇರಿಂಗ್‌ನ 445 ಪೋರ್ಟ್ ವಿಪಿಎನ್ ಒಳಗೆ ಮಡಿಕೇರಿ ಸರ್ವರ್‌ನ ಐಪಿಗೆ ಮಾತ್ರ ತೆರೆದಿರಲಿ.